ಕೀಮೋ ವಾಂತಿಗೆ ಮಾತ್ರೆ: ತರುವಾಗ, ಕೊಡುವಾಗ ನಾನು ನೋಡಿಕೊಂಡಿದ್ದು

ಕೀಮೋ ಅಂದ ತಕ್ಷಣ ಎಲ್ಲರೂ ಕೂದಲು ಉದುರುವ ಮಾತಾಡುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರನ್ನ ಜಾಸ್ತಿ ಗೋಳು ಹುಯ್ಯುವುದು ವಾಕರಿಕೆ. ನಮ್ಮತ್ತೆಗೆ ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆದಾಗ ಮಾತ್ರೆ ತರುವುದು, ಹೊತ್ತುಹೊತ್ತಿಗೆ ಕೊಡುವುದು, ಬರೆದಿಡುವುದು ಎಲ್ಲಾ ನನ್ನ ಪಾಲಿಗೆ ಬಂತು. ಮನೆ ಹಾಸನದಲ್ಲಿ, ಚಿಕಿತ್ಸೆ ಬೆಂಗಳೂರಿನಲ್ಲಿ. ಹಾಗಾಗಿ ಏನಾದರೂ ಹೆಚ್ಚುಕಮ್ಮಿ ಆದರೆ ಓಡಿಹೋಗಿ ಕೇಳುವಷ್ಟು ಹತ್ತಿರ ಆಸ್ಪತ್ರೆ ಇರಲಿಲ್ಲ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಇಲ್ಲಿ ಹೇಳಿರುವ ಡೋಸೆಲ್ಲ ಅತ್ತೆಯ ವಯಸ್ಸು, ಸಕ್ಕರೆ ಕಾಯಿಲೆ, ಅವರಿಗೆ ಹಾಕಿದ ಕೀಮೋ ನೋಡಿ ಅವರ ಡಾಕ್ಟರ್ ಬರೆದಿದ್ದು. ನಿಮ್ಮ ಮನೆಯವರ ಚೀಟಿಯಲ್ಲಿ ಬೇರೆ ಇರುತ್ತೆ, ಅದನ್ನೇ ನಂಬಿ.

ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದು ಇದು. ಒಂಡನ್‌ಸೆಟ್ರಾನ್ ಅನ್ನೋ ಈ ವಾಂತಿ ಮಾತ್ರೆಯನ್ನ ವಾಂತಿ ಬರುವ ಮುಂಚೆ ಕೊಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವ ರೂಢಿ ನಮಗೆ, ಬಂದಾಗ ನೋಡೋಣ ಅಂತ ಕಾಯುತ್ತೇವೆ. ಕೀಮೋ ಔಷಧಿ ಒಳಗೆ ಹೋದಾಗ ಕರುಳಿನ ಕೆಲವು ಜೀವಕೋಶಗಳು ಸೆರೊಟೋನಿನ್ ಅನ್ನೋ ರಾಸಾಯನಿಕ ಬಿಡುತ್ತವೆ. ಅದು ಅಲ್ಲಿನ ನರದ ತುದಿಯಲ್ಲಿರೋ ಒಂದು ಜಾಗಕ್ಕೆ ಅಂಟಿಕೊಂಡರೆ ಮೆದುಳಿಗೆ ವಾಂತಿಯ ಸುದ್ದಿ ಹೋಗುತ್ತೆ. ಒಂಡನ್‌ಸೆಟ್ರಾನ್ ಮಾಡೋ ಕೆಲಸ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಆ ಜಾಗವನ್ನ ಮೊದಲೇ ಹಿಡಿದು ಕೂರೋದು. ಸೀಟು ತುಂಬಿದ ಮೇಲೆ ಟವೆಲ್ ಹಾಕಿದರೆ ಅಷ್ಟು ಕೆಲಸ ಆಗಲ್ಲ, ಅಲ್ವಾ? ಅದಕ್ಕೇ ಕೀಮೋ ದಿನ ಮೊದಲು ವಾಂತಿ ತಡೆಯೋ ಇಂಜೆಕ್ಷನ್, ಆಮೇಲೆ ಕೀಮೋ. ಮನೆಗೆ ಬಂದ ಮೇಲೂ ಬರೆದಷ್ಟು ದಿನ, ಹೊಟ್ಟೆ ತೊಳಸಲಿ ಬಿಡಲಿ, 8 ಮಿಲಿಗ್ರಾಂ ಬೆಳಗ್ಗೆ ಒಂದು, ಸಂಜೆ ಒಂದು.

"ಈಗ ಚೆನ್ನಾಗೇ ಇದೀನಲ್ಲ, ಯಾಕಮ್ಮ ಸುಮ್ನೆ ಮಾತ್ರೆ" ಅಂತ ಅತ್ತೆ ರಾಗ ಎಳೆಯೋರು. "ಚೆನ್ನಾಗಿರೋದಕ್ಕೇ ಕೊಡ್ತಿರೋದು ಅತ್ತೆ, ನುಂಗಿ" ಅನ್ನೋದು ನನ್ನ ಉತ್ತರ.

ಅವರಿಗೆ ಹಾಕಿದ್ದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್. ಮೊದಲನೆಯದನ್ನ ವಾರ್ಡಿನಲ್ಲಿ ಕೆಂಪು ಔಷಧಿ ಅಂತಾರೆ. ಈ ಜೋಡಿ ವಾಂತಿ ತರಿಸುವುದರಲ್ಲಿ ಮೇಲಿನ ಸಾಲಿನದು. ಹಾಗಾಗಿ ಒಂಡನ್‌ಸೆಟ್ರಾನ್ ಒಂದೇ ಸಾಕಾಗಲ್ಲ. ಜೊತೆಗೆ ಡೆಕ್ಸಾಮೆಥಾಸೋನ್, ಅಪ್ರೆಪಿಟೆಂಟ್, ಓಲಾಂಜಪೈನ್ ಬರೆದಿದ್ದರು. ಅಪ್ರೆಪಿಟೆಂಟ್ ಮೂರು ದಿನದ ಕ್ಯಾಪ್ಸೂಲ್: ಕೀಮೋಗೆ ಒಂದು ಗಂಟೆ ಮುಂಚೆ 125 ಮಿಲಿಗ್ರಾಂ, ಮಾರನೇ ಎರಡು ದಿನ ಬೆಳಗ್ಗೆ 80. ಕೀಮೋ ಆಗಿ 24 ಗಂಟೆ ಕಳೆದ ಮೇಲೆ ಶುರುವಾಗೋ ವಾಕರಿಕೆ ಇದೆಯಲ್ಲ, ಅದನ್ನ ಹಿಡಿಯೋದರಲ್ಲಿ ಇದು ಒಂಡನ್‌ಸೆಟ್ರಾನ್‌ಗಿಂತ ಗಟ್ಟಿ. ದುಬಾರಿ ಅಂತ ಕೆಲವರು ಎರಡು, ಮೂರನೇ ದಿನದ್ದು ಬಿಟ್ಟುಬಿಡುತ್ತಾರೆ. ಕಷ್ಟ ಕೊಡೋದೇ ಆ ದಿನಗಳು. ದುಡ್ಡು ಕಷ್ಟ ಆದರೆ ಡಾಕ್ಟರಿಗೇ ಹೇಳಿ, ಕಂಪನಿಯಿಂದ ಕಂಪನಿಗೆ ಬೆಲೆ ತುಂಬಾ ಬೇರೆ, ಅಗ್ಗದ್ದು ಬರೆದುಕೊಡುತ್ತಾರೆ. ಒಂಡನ್‌ಸೆಟ್ರಾನ್ ಮಾತ್ರ ಜನೌಷಧಿಯಲ್ಲೂ ಸಿಕ್ಕಿತು, ಬೆಲೆ ತೀರಾ ಕಡಿಮೆ.

ಇನ್ನು ಅಂಗಡಿಯ ವಿಷಯ. ಒಂಡನ್‌ಸೆಟ್ರಾನ್ ಷೆಡ್ಯೂಲ್ ಎಚ್ ಔಷಧಿ, ನೋಂದಾಯಿತ ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕು ಅಂತ ಸ್ಟ್ರಿಪ್ ಮೇಲೇ ಎಚ್ಚರಿಕೆ ಇರುತ್ತೆ. ಎಷ್ಟೋ ಅಂಗಡಿಯಲ್ಲಿ "ವಾಂತಿ ಮಾತ್ರೆ ಕೊಡಿ" ಅಂದರೂ ಕೊಡುತ್ತಾರೆ, ಅದು ಎಲ್ಲರಿಗೂ ಗೊತ್ತಿರೋದೇ. ಆದರೂ ನಾನು ಪ್ರತಿ ಸಲ ಚೀಟಿ ಕೌಂಟರಿನ ಮೇಲೆ ಇಟ್ಟೇ ಕೇಳುತ್ತಿದ್ದೆ. ಕಾನೂನಿನ ಭಯಕ್ಕಲ್ಲ. ಒಂದೇ ಹೆಸರಿನಲ್ಲಿ 4 ಮಿಲಿಗ್ರಾಂ ಇದೆ, 8 ಇದೆ, ನುಂಗೋದಿದೆ, ಬಾಯಲ್ಲಿ ಕರಗೋದಿದೆ, ಮಕ್ಕಳ ಸಿರಪ್ ಇದೆ. ಬಾಯಿಮಾತಿನಲ್ಲಿ ಕೇಳಿದರೆ ಅವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಜೊತೆಗೆ ಎಮೆಸೆಟ್, ಒಂಡೆಮ್, ವೋಮಿಕೈಂಡ್ ಎಲ್ಲದರ ಒಳಗಿರೋದೂ ಒಂಡನ್‌ಸೆಟ್ರಾನೇ. ನಮಗೆ ಬೆಂಗಳೂರಿನಲ್ಲಿ ಒಂದು ಹೆಸರಿಂದು ಸಿಕ್ಕಿತು, ಹಾಸನದಲ್ಲಿ ಇನ್ನೊಂದು. ಅತ್ತೆ ಮಾತ್ರೆ ಗುರುತಿಸೋದು ಸ್ಟ್ರಿಪ್ಪಿನ ಬಣ್ಣ ನೋಡಿ. ಎರಡು ಬಣ್ಣ ಇದ್ದರೆ ಎರಡು ಬೇರೆ ಔಷಧಿ ಅಂದುಕೊಂಡು ಎರಡನ್ನೂ ನುಂಗಿಬಿಡುವ ಸಾಧ್ಯತೆ ಇರುತ್ತೆ. ಅದಕ್ಕೇ ಹಳೇ ಸ್ಟ್ರಿಪ್ ಮುಗಿಯೋವರೆಗೆ ಹೊಸದನ್ನ ಮೇಲಿನ ಅಟ್ಟಕ್ಕೆ ಹಾಕಿಬಿಡುತ್ತಿದ್ದೆ, ಪ್ರತಿ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ 'ವಾಂತಿ, ಬೆಳಗ್ಗೆ ಸಂಜೆ' ಅಂತ ಬರೆಯುತ್ತಿದ್ದೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲ್ಲ. ಆರೇ ಮಾತ್ರೆ ಸಾಕು ಅಂದರೆ ಅಂಗಡಿಯವರು ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತೆ. ಆ ತುದಿ ಅವರ ಡಬ್ಬದಲ್ಲೇ ಉಳಿಯುತ್ತೆ, ನಿಮ್ಮ ಕೈಗೆ ಬರೋದು ಬರೀ ಬೆಳ್ಳಿ ಹಾಳೆ. "ಡೇಟ್ ಇರೋ ಕಡೆದು ಕೊಡಿ ಅಣ್ಣ" ಅಂದರೆ ಕೆಲವರು ಕೊಡುತ್ತಾರೆ, ಕೆಲವರು "ಎಲ್ಲಾ ಒಂದೇ ಮೇಡಂ" ಅಂತ ಮುಖ ಗಂಟು ಹಾಕುತ್ತಾರೆ. ಹಾಗಿದ್ದಾಗ ಬಿಲ್ ಕೇಳಿ, ಅದರಲ್ಲಿ ಬ್ಯಾಚ್, ಎಕ್ಸ್‌ಪೈರಿ ಎರಡೂ ಇದೆಯಾ ನೋಡಿಕೊಳ್ಳುತ್ತಿದ್ದೆ. ಅಗ್ಗದ ಮಾತ್ರೆ, ಇಡೀ ಸ್ಟ್ರಿಪ್ಪೇ ತಗೊಂಡರೆ ಈ ರಗಳೆ ಇಲ್ಲ. ಆನ್‌ಲೈನ್ ಒಳ್ಳೆಯದೇ, ಚೀಟಿ ಫೋಟೋ ಹಾಕಿದರೆ ಮನೆಗೇ ಬರುತ್ತೆ, ಆದರೆ ಕೀಮೋ ಹಿಂದಿನ ದಿನ ಆರ್ಡರ್ ಮಾಡಿ ದಾರಿ ಕಾಯೋ ಕೆಲಸ ಬೇಡ.

ಬಾಯಲ್ಲಿ ಕರಗುವ ಮಾತ್ರೆ, ಎಂಡಿ ಅಂತ ಬರೆದಿರುತ್ತೆ, ಅದು ನಮ್ಮನ್ನ ಉಳಿಸಿತು. ನೀರು ಕಂಡರೇ ಓಕರಿಕೆ ಬರುವಾಗ ನುಂಗೋದು ಎಲ್ಲಿಂದ ಬಂತು? ಕೈ ತೊಳೆದು ಪೂರಾ ಒರೆಸಿಕೊಂಡು, ಮಾತ್ರೆ ತೆಗೆದು ನಾಲಿಗೆ ಮೇಲೆ ಇಡಬೇಕು. ಕೆಲವು ಸ್ಟ್ರಿಪ್‌ಗಳಲ್ಲಿ ಹಿಂದಿನ ಹಾಳೆಯನ್ನ ಮೂಲೆಯಿಂದ ಸುಲಿಯಬೇಕು, ಬೇರೆ ಮಾತ್ರೆ ಥರ ಹೆಬ್ಬೆಟ್ಟಿನಿಂದ ಒತ್ತಿದರೆ ಒಳಗೇ ಪುಡಿ ಆಗುತ್ತೆ. ಒದ್ದೆ ಬೆರಳು ತಾಕಿದರೂ ಸಾಕು, ಅಂಟಂಟಾಗಿ ಬೆರಳಿಗೇ ಮೆತ್ತಿಕೊಳ್ಳುತ್ತೆ. ನಮ್ಮನೆಯವರು ವಾರದ ಮಾತ್ರೆ ಡಬ್ಬಿ ತಂದಿದ್ದರು, ಬಿಪಿ, ಶುಗರ್ ಮಾತ್ರೆಗೆ ಅದು ಸರಿ, ಇದನ್ನ ಮಾತ್ರ ಬಿಡಿಸಿ ಹಾಕಬಾರದು. ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತೆ. ಮತ್ತೆ, ನಾಲಿಗೆ ಮೇಲೆ ಬೇಗ ಕರಗಿತು ಅಂದಮಾತ್ರಕ್ಕೆ ಕೆಲಸವೂ ಅಷ್ಟೇ ಬೇಗ ಆಗುತ್ತೆ ಅಂತಲ್ಲ. ಅದೂ ಹೊಟ್ಟೆಗೆ ಇಳಿದೇ ರಕ್ತಕ್ಕೆ ಸೇರಬೇಕು, ಅರ್ಧ ಗಂಟೆಯಾದರೂ ಬಿಡಬೇಕು. ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿ ಆಗಿಹೋದರೆ ಫೋನ್ ಮಾಡಿ ಕೇಳಿ ಅಂತ ನಮಗೆ ಹೇಳಿದ್ದರು. ಕೇಳದೆ ಮತ್ತೊಂದು ಕೊಟ್ಟಿದ್ದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸೋ ವಿಷಯ: ಜೊತೆಯಲ್ಲಿ ಇನ್ನೇನು ತಗೋತಿದ್ದಾರೆ ಅನ್ನೋದು. ಒಂಡನ್‌ಸೆಟ್ರಾನ್ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಮಾಡಬಲ್ಲದು. ಇಸಿಜಿಯಲ್ಲಿ ಕ್ಯೂಟಿ ಅನ್ನೋ ಒಂದು ಅಂತರ ಇದೆ, ಅದು ಉದ್ದ ಆಗುತ್ತೆ. ಮಾಮೂಲಿ ಡೋಸಿನಲ್ಲಿ ಬಹುತೇಕ ಜನಕ್ಕೆ ಏನೂ ಆಗಲ್ಲ. ಆದರೆ ಹೆಚ್ಚು ಡೋಸ್ ಹೋದರೆ, ಅದೇ ಪರಿಣಾಮದ ಇನ್ನೊಂದು ಔಷಧಿ ಸೇರಿದರೆ, ಇಲ್ಲವೇ ವಾಂತಿ ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿದ್ದರೆ ಅಪಾಯ. ರಕ್ತನಾಳಕ್ಕೆ ಒಂದೇ ಸಲ 32 ಮಿಲಿಗ್ರಾಂ ಕೊಡೋದು ಬೇಡ ಅಂತ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಹೇಳಿದ್ದೂ ಇದೇ ಕಾರಣಕ್ಕೆ.

ಇದೆಲ್ಲ ದೊಡ್ಡ ಆಸ್ಪತ್ರೆಯ ವಿಷಯ ಅನ್ನಿಸಬಹುದು. ನಮ್ಮ ಅಡುಗೆಮನೆ ಶೆಲ್ಫಿನಲ್ಲೇ ಇತ್ತು. ಗ್ಯಾಸಿಗೆ ಅಂತ ಊರೆಲ್ಲ ನುಂಗೋ ಪ್ಯಾನ್-ಡಿ ಕ್ಯಾಪ್ಸೂಲ್ ಇದೆಯಲ್ಲ, ಅದು ಬರೀ ಗ್ಯಾಸಿಂದಲ್ಲ. ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ ಕೂಡ ಇದೆ. ಡಾಂಪೆರಿಡೋನ್ ಅಂದರೆ ಇನ್ನೊಂದು ವಾಂತಿ ಔಷಧಿ, ಅದಕ್ಕೂ ಹೃದಯದ ಲಯದ ಇದೇ ತಕರಾರು. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದನ್ನ ಕಡಿಮೆ ಡೋಸಿನಲ್ಲಿ, ಸಾಮಾನ್ಯವಾಗಿ ಒಂದು ವಾರ ಮೀರದ ಹಾಗೆ ಬಳಸಿ ಅಂದಿದ್ದಾರೆ. ಅತ್ತೆ ವರ್ಷಗಟ್ಟಲೆಯಿಂದ ಬೆಳಗ್ಗೆ ಕಾಫಿಗೆ ಮುಂಚೆ ಒಂದು ನುಂಗುತ್ತಾ ಬಂದಿದ್ದರು, ಅದನ್ನ ಔಷಧಿ ಅಂತಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಮನೆಯಲ್ಲಿರೋ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದೆ. ಅವರು ಪ್ಯಾನ್-ಡಿ ಪಕ್ಕಕ್ಕೆ ಸರಿಸಿ ಬರೀ ಪ್ಯಾಂಟೊಪ್ರಜೋಲ್ ಬರೆದರು. ಕೀಮೋಗೆ ಮುಂಚೆ ಹೇಗೂ ಮಾಡಿದ್ದ ಇಸಿಜಿಯನ್ನ ಇನ್ನೊಂದು ಸಲ ನೋಡಿದರು.

ಹಾಗೇ ಊರಲ್ಲಿ ಕೆಮ್ಮು ಅಂತ ಹೋದಾಗ ಬರೆಯೋ ಅಜಿಥ್ರೊಮೈಸಿನ್, ಲೆವೊಫ್ಲಾಕ್ಸಸಿನ್, ಕೆಲವು ಖಿನ್ನತೆ ಮಾತ್ರೆಗಳು, ಇವೂ ಕ್ಯೂಟಿ ಉದ್ದ ಮಾಡೋ ಔಷಧಿಗಳ ಪಟ್ಟಿಯಲ್ಲಿ ಬರುತ್ತವೆ. ನೋವಿಗೆ ಕೊಡೋ ಟ್ರಮಡಾಲ್‌ನ ಶಕ್ತಿಯನ್ನ ಒಂಡನ್‌ಸೆಟ್ರಾನ್ ಕುಂದಿಸಬಹುದು. ಲಿವರ್ ತೀರಾ ಕೆಟ್ಟಿರೋರಿಗೆ ಒಂಡನ್‌ಸೆಟ್ರಾನ್ ದಿನಕ್ಕೆ 8 ಮಿಲಿಗ್ರಾಂ ಮೀರಬಾರದು. ವಾಂತಿ ಜಾಸ್ತಿ ಆಯ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಹೋದರೆ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಹಾಕೋದು ಸಾಮಾನ್ಯ. ಅತ್ತೆಗೆ ಓಲಾಂಜಪೈನ್ ಇದ್ದಿದ್ದರಿಂದ ಅದನ್ನ ಹಾಕಿಸಬೇಡಿ ಅಂತ ಮೊದಲೇ ಎಚ್ಚರಿಸಿದ್ದರು. ಎರಡೂ ಸೇರಿದರೆ ಕತ್ತು, ದವಡೆ, ಕಣ್ಣುಗುಡ್ಡೆ ತಿರುಚಿಕೊಳ್ಳೋದು, ನಡುಕ ಇಂಥವು ಆಗೋ ಸಂಭವ ಹೆಚ್ಚು. ಕೀಮೋ ದಿನ ಆಸ್ಪತ್ರೆಯಲ್ಲಿ ಯಾವ ಇಂಜೆಕ್ಷನ್ ಕೊಟ್ಟರು ಅನ್ನೋದನ್ನೂ ಕೇಳಿ ಬರೆದುಕೊಳ್ಳಿ. ಪಾಲೊನೊಸೆಟ್ರಾನ್ ಆಗಿದ್ದರೆ ಅದೂ ಒಂಡನ್‌ಸೆಟ್ರಾನ್ ಜಾತಿಯದೇ, ಮೈಯಲ್ಲಿ ಕೆಲವು ದಿನ ಇರುತ್ತೆ. ಅದರ ಮೇಲೆ ಮಾತ್ರೆ ಬೇಕೋ ಬೇಡವೋ ಅವರೇ ಹೇಳಬೇಕು.

ಓಲಾಂಜಪೈನ್ ಹೆಸರನ್ನ ನಮ್ಮನೆಯವರು ಮೊಬೈಲಿನಲ್ಲಿ ಹುಡುಕಿ ಗಾಬರಿಯಾದರು. "ಇದು ಮಾನಸಿಕ ಕಾಯಿಲೆ ಮಾತ್ರೆ ಕಣೇ, ಅಮ್ಮನಿಗೆ ಯಾಕೆ?" ಅಂತ. ಅದು ನಿಜವೇ, ಆದರೆ ಕಡಿಮೆ ಡೋಸಿನಲ್ಲಿ ಕೀಮೋ ವಾಕರಿಕೆಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಮುಂಬೈನ ಟಾಟಾ ಮೆಮೋರಿಯಲ್‌ನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2.5 ಮಿಲಿಗ್ರಾಂ ಕೊಟ್ಟರೂ 10 ಮಿಲಿಗ್ರಾಂನಷ್ಟೇ ಪ್ರಯೋಜನ ಸಿಕ್ಕಿತ್ತು, ಮಂಪರು ಮಾತ್ರ ಕಡಿಮೆ ಇತ್ತು. ಅತ್ತೆಗೂ 2.5ಅನ್ನೇ ಬರೆದಿದ್ದರು, ರಾತ್ರಿ ಮಲಗೋ ಮುಂಚೆ. ಅಷ್ಟಕ್ಕೇ ಬೆಳಗ್ಗೆ ಎದ್ದಾಗ ಕಾಲು ತಡವರಿಸೋದು. ಆ ದಿನಗಳಲ್ಲಿ ನಾನು ಅವರ ಕೋಣೆಯಲ್ಲೇ ಮಲಗುತ್ತಿದ್ದೆ, ಬಚ್ಚಲಿಗೆ ಒಬ್ಬರೇ ಹೋಗೋದು ಬೇಡ ಅಂತ ಕಟ್ಟುನಿಟ್ಟು ಮಾಡಿದ್ದೆ.

ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್. ತಿಂಡಿ ಆದ ಮೇಲೆ ಬೆಳಗ್ಗೆಯೇ ಕೊಡಬೇಕು, ಸಂಜೆ ಕೊಟ್ಟರೆ ರಾತ್ರಿ ಪೂರ್ತಿ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ದಿಢೀರ್ ಏರುತ್ತೆ. ಮನೆಯಲ್ಲೇ ಚುಚ್ಚಿ ನೋಡಿ ಬರೆದಿಟ್ಟು ತೋರಿಸಿದ ಮೇಲೆ ಆ ದಿನಗಳಿಗೆ ಶುಗರ್ ಮಾತ್ರೆ ಬದಲಾಯಿಸಿಕೊಟ್ಟರು.

ಒಂಡನ್‌ಸೆಟ್ರಾನ್‌ನಿಂದ ನಮಗೆ ಕಂಡ ತೊಂದರೆ ಎರಡು. ತಲೆನೋವು, ಅದು ಸಣ್ಣದು. ಇನ್ನೊಂದು ಮಲಬದ್ಧತೆ, ಅದು ಸಣ್ಣದಲ್ಲ. ಊಟ ಇಲ್ಲ, ನೀರು ಕಡಿಮೆ, ಮೇಲೆ ಈ ಮಾತ್ರೆ, ಹೊಟ್ಟೆ ಕಲ್ಲಾಗಿ ಕೂತುಬಿಡುತ್ತೆ. ಅತ್ತೆ ನಾಚಿಕೆಗೆ ಹೇಳುತ್ತಲೇ ಇರಲಿಲ್ಲ, ದಿನಾ ನಾನೇ ಕೇಳಬೇಕಿತ್ತು. ಎರಡನೇ ಸಲದಿಂದ ಮಾತ್ರೆ ಶುರುವಾದ ದಿನವೇ ಲ್ಯಾಕ್ಟುಲೋಸ್ ಸಿರಪ್ಪೂ ಶುರು ಅಂತ ಡಾಕ್ಟರೇ ಬರೆದರು. ಹೊಟ್ಟೆ ಉಬ್ಬರಿಸಿ, ನೋವು ಬಂದು, ಗಾಳಿ ಕೂಡ ಹೋಗುತ್ತಿಲ್ಲ ಅಂದರೆ ಬರೀ ಮಲಬದ್ಧತೆ ಅಂತ ಸುಮ್ಮನಿರಬಾರದು. ಕರುಳು ಕಟ್ಟಿದ್ದರೂ ಈ ಮಾತ್ರೆ ಅದನ್ನ ಮರೆಮಾಚಬಹುದಂತೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಒಗ್ಗರಣೆ ವಾಸನೆ ಆಗುತ್ತಿರಲಿಲ್ಲ, ಆರಿದ ಗಂಜಿ, ಕಾಯಿಸಿ ಆರಿಸಿದ ನೀರು, ಸ್ವಲ್ಪ ಸ್ವಲ್ಪವೇ. ಶುಂಠಿ, ನಿಂಬೆ ಎಲ್ಲಾ ಸರಿ, ಆದರೆ ಈ ಕೀಮೋಗೆ ಅದನ್ನೇ ನಂಬಿ ಮಾತ್ರೆ ಬಿಡಿಸೋ ನೆಂಟರ ಮಾತು ಕೇಳಬೇಡಿ.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೆ. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಬಹಳ ಕಡಿಮೆ ಆದರೆ, ವಾಂತಿಯಲ್ಲಿ ರಕ್ತ ಕಂಡರೆ, ತಲೆ ಸುತ್ತಿ ಬಿದ್ದರೆ, ಎದೆ ಬಡಿತ ಏರುಪೇರು ಅನ್ನಿಸಿದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ. ಜ್ವರ ವಾಂತಿಗೆ ಸಂಬಂಧಪಟ್ಟದ್ದಲ್ಲ, ಆದರೆ ಕೀಮೋ ನಡೆಯುವಾಗ ಅದಕ್ಕಿಂತ ದೊಡ್ಡ ತುರ್ತು ಇಲ್ಲ.

ಎಲ್ಲಾ ಮುಗಿದ ಮೇಲೆ ಒಂದಿಷ್ಟು ಮಾತ್ರೆ ಉಳಿಯಿತು. ಪಕ್ಕದ ಮನೆಯವರು ಧರ್ಮಸ್ಥಳಕ್ಕೆ ಹೊರಟಿದ್ದರು, ಘಾಟಿಯಲ್ಲಿ ಮಗನಿಗೆ ವಾಂತಿ ಆಗುತ್ತೆ, "ನಿಮ್ಮತ್ತೆ ಮಾತ್ರೆ ಇದೆಯಲ್ಲ, ಎರಡು ಕೊಡಿ" ಅಂದರು. ಕೊಡಲಿಲ್ಲ. ಮಗುವಿನ ಡೋಸು ತೂಕ ನೋಡಿ ಬರೆಯೋದು, ಅದು ಒಂದು. ಬಸ್ಸಿನ ವಾಂತಿ ಹುಟ್ಟೋದು ಒಳಕಿವಿಯಿಂದ, ಅದಕ್ಕೆ ಒಂಡನ್‌ಸೆಟ್ರಾನ್ ಅಷ್ಟಾಗಿ ಕೆಲಸವೇ ಮಾಡಲ್ಲ, ಅದು ಇನ್ನೊಂದು. ಬಸುರಿ ನಾದಿನಿ ಕೇಳಿದಾಗಲೂ ಇದೇ ಉತ್ತರ. ಬಸುರಿಯರಿಗೆ ಸಾಮಾನ್ಯವಾಗಿ ಮೊದಲು ಕೊಡೋದು ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಇರೋ ಬೇರೆ ಮಾತ್ರೆ, ಅದೂ ಡಾಕ್ಟರ್ ನೋಡಿಯೇ. ಪಕ್ಕದ ಮನೆಯವರು ಒಂದೆರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬೇರೆಯದೇ ಬರೆಸಿಕೊಂಡು ಬಂದರು.