ಆಗಿಬರದವರ ಹೆಸರು ಬರೆಯಿರಿ

ಅಮೆರಿಕದಲ್ಲಿ ಪಾಠ ಹೇಳಲು ಶುರು ಮಾಡಿದ ಮೊದಲ ಎರಡು ವರ್ಷ ನನ್ನ ಕ್ಲಾಸಿನಲ್ಲಿ ಯಾರೂ ಜಗಳ ಆಡಲಿಲ್ಲ. ಪರವಾಗಿಲ್ಲ, ಚೆನ್ನಾಗಿ ಪಾಠ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಶಿಕಾಗೋದ ಹೊರವಲಯದ ಒಂದು ಕಮ್ಯುನಿಟಿ ಕಾಲೇಜು. ವಾರಕ್ಕೊಂದು ದಿನ, ಸಂಜೆ ಆರೂವರೆಯಿಂದ ಒಂಬತ್ತು ಹತ್ತರ ತನಕ, ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂಬ ಕೋರ್ಸು. ಬರುವವರೆಲ್ಲ ಹಗಲಿಡೀ ದುಡಿದು ಬಂದವರು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಹುಡುಗಿಯರು, ಗೋಡೌನಿನಲ್ಲಿ ಪೆಟ್ಟಿಗೆ ಎತ್ತುವವರು, ಸೈನ್ಯ ಬಿಟ್ಟು ಬಂದವರು, ಮೆಕ್ಸಿಕೋದಿಂದಲೋ ಪೋಲೆಂಡಿನಿಂದಲೋ ಬಂದ ಮನೆಗಳ ಮಕ್ಕಳು. ಮಾತು ಸ್ವಲ್ಪ ಬಿಸಿಯಾಗುತ್ತಿದೆ ಅನ್ನಿಸಿದರೆ ಸಾಕು, ನಾನು ವಿಷಯ ಬದಲಿಸುತ್ತಿದ್ದೆ. ಗರ್ಭಪಾತ, ಬಂದೂಕು, ಒಬಾಮಕೇರ್ ಎಂಬ ಆರೋಗ್ಯ ವಿಮೆಯ ಕಾನೂನು, ಇವುಗಳ ಹತ್ತಿರಕ್ಕೇ ಹೋಗುತ್ತಿರಲಿಲ್ಲ. ಸೆನೆಟ್‌ನಲ್ಲಿ ಎಷ್ಟು ಸೀಟು, ವೀಟೋ ಅಂದರೇನು, ಇಷ್ಟು ಹೇಳಿ ಮನೆಗೆ ಕಳಿಸುತ್ತಿದ್ದೆ. ತಿಪಟೂರಿನಲ್ಲಿ ನಾನು ಕಟಿಂಗ್ ಮಾಡಿಸುತ್ತಿದ್ದ ಅಂಗಡಿಯ ಕನ್ನಡಿ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂದು ಬರೆದಿತ್ತು. ಅದೇ ಬೋರ್ಡನ್ನು ತಂದು ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ನೇತುಹಾಕಿದ್ದೆ, ಅಷ್ಟೆ.

2016ರ ನವೆಂಬರ್‌ನಲ್ಲಿ ಆ ಬೋರ್ಡು ಕಳಚಿ ಬಿತ್ತು. ಟ್ರಂಪ್ ಗೆದ್ದ ಚುನಾವಣೆ ಆದ ಮೇಲಿನ ಮೊದಲ ಕ್ಲಾಸಿನಲ್ಲಿ ಜನ ಜಾಗ ಬದಲಿಸಿ ಕೂತರು. ಯಾರೂ ಹೇಳಿರಲಿಲ್ಲ, ತಾವೇ ಎರಡು ಗುಂಪಾದರು. ಮಧ್ಯದ ಒಂದು ಸಾಲು ಖಾಲಿ. ಆ ಖಾಲಿ ಸಾಲಿಗೆ ಮುಖ ಮಾಡಿ ನಾನು ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನ ಲೆಕ್ಕ ಹೇಳಿದೆ.

ಮುಂದಿನ ಸೆಮಿಸ್ಟರಿಗೆ ಏನಾದರೂ ಮಾಡಬೇಕಿತ್ತು. ಎಂ.ಎ. ಓದುವಾಗ ಕಲಿತದ್ದೊಂದು ನೆನಪಾಯಿತು. 1954ರಲ್ಲಿ, ಸೆನೆಟರ್ ಜೋಸೆಫ್ ಮೆಕಾರ್ತಿ ಕಂಡಕಂಡಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲದಲ್ಲಿ, ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಸುಮಾರು ಐದು ಸಾವಿರ ಅಮೆರಿಕನ್ನರಿಗೆ ಕೆಲವು ಸರಳ ಪ್ರಶ್ನೆ ಕೇಳಿಸಿದರು. ‘ನಾನು ಕಮ್ಯುನಿಸ್ಟ್’ ಎಂದು ಒಪ್ಪಿಕೊಂಡವನೊಬ್ಬ ನಿಮ್ಮೂರಲ್ಲಿ ಭಾಷಣ ಮಾಡಬಹುದೇ? ಕಾಲೇಜಿನಲ್ಲಿ ಪಾಠ ಮಾಡಬಹುದೇ? ಅವನು ಬರೆದ ಪುಸ್ತಕ ಊರಿನ ಲೈಬ್ರರಿಯಲ್ಲಿ ಇರಬಹುದೇ? ನಾಸ್ತಿಕನ ಬಗ್ಗೆಯೂ ಇದೇ ಪ್ರಶ್ನೆಗಳು. ಭಾಷಣ ಮಾಡಲಿ ಬಿಡಿ ಅಂದವರು ಕಮ್ಯುನಿಸ್ಟನಿಗೆ ನೂರಕ್ಕೆ 27, ನಾಸ್ತಿಕನಿಗೆ 37. 1972ರಿಂದ ಈ ಪ್ರಶ್ನೆಗಳು ಅಮೆರಿಕದ ಒಂದು ದೊಡ್ಡ ರಾಷ್ಟ್ರೀಯ ಸಮೀಕ್ಷೆಯ ಭಾಗವಾಗಿಬಿಟ್ಟಿವೆ. ಅದರಲ್ಲಿ ಕಮ್ಯುನಿಸ್ಟರಿಗೆ, ನಾಸ್ತಿಕರಿಗೆ ಮಾತಾಡಲು ಬಿಡಿ ಅನ್ನುವವರ ಅಂಕಿ ದಶಕದಿಂದ ದಶಕಕ್ಕೆ ಏರುತ್ತಾ ಬಂದಿದೆ.

ಅದನ್ನೇ ಒಂದು ಹಾಳೆಯಲ್ಲಿ ಟೈಪ್ ಮಾಡಿ ಹಂಚಿದೆ. ಬಹುತೇಕ ಎಲ್ಲರೂ ಎಲ್ಲದಕ್ಕೂ ‘ಬಿಡಬಹುದು’ ಅಂತ ಗುರುತು ಹಾಕಿದರು. ‘ಬೇಡ’ ಎಂದವರು ಚರ್ಚಿಗೆ ತಪ್ಪದೆ ಹೋಗುವ ಮೂರ್ನಾಲ್ಕು ಜನ. ಲಿಬರಲ್ ಹುಡುಗರ ಮುಖದಲ್ಲಿ ಒಂದು ಕಳೆ ಬಂತು. ಸುಳ್ಳು ಯಾಕೆ, ನನ್ನ ಮುಖದಲ್ಲೂ ಬಂದಿರಬೇಕು. ನನ್ನ ಒಲವೂ ಆ ಕಡೆಯದೇ.

ಆಗ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. ಐವತ್ತರ ಹತ್ತಿರದ ವಯಸ್ಸು, ಹಗಲು ಲಾರಿ ರಿಪೇರಿ, ಮೊದಲು ಸೈನ್ಯದಲ್ಲಿದ್ದವರು. ‘ಪ್ರೊಫೆಸರ್, ಈ ಪಟ್ಟಿ ಮಾಡಿದವರು ಯಾರು? ಈ ಹುಡುಗರಿಗೆ ಕಮ್ಯುನಿಸ್ಟ್ ಅಂದರೆ ಸಿಟ್ಟೇ ಬರಲ್ಲ. ಸಿಟ್ಟೇ ಬರದವರನ್ನು ಮಾತಾಡೋಕೆ ಬಿಟ್ಟರೆ ಅದೇನು ದೊಡ್ಡತನ? ಅವರಿಗೆ ಮೈ ಉರಿಯೋ ಅಂಥವರ ಹೆಸರು ಹಾಕಿ ಕೇಳಿ ನೋಡಿ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಹುಡುಕಿದರೆ, ಅವರು ಹೇಳಿದ್ದನ್ನೇ ಜಾನ್ ಸಲಿವನ್, ಜೇಮ್ಸ್ ಪಿಯರ್ಸನ್, ಜಾರ್ಜ್ ಮಾರ್ಕಸ್ ಎಂಬ ಮೂವರು 1970ರ ದಶಕದ ಕೊನೆಯಲ್ಲೇ ಹೇಳಿದ್ದರು. ಪಟ್ಟಿಯಲ್ಲಿ ಎಡಗಡೆಯ ಗುಂಪುಗಳೇ ಇದ್ದರೆ ಲಿಬರಲ್ಲರು ಸಹನೆ ಉಳ್ಳವರಾಗಿ ಕಾಣದೆ ಇನ್ನೇನು? ಅವರು ಪಟ್ಟಿ ಮಾಡುವ ಕೆಲಸವನ್ನು ಜನರಿಗೇ ಬಿಟ್ಟರು. ನಿಮಗೆ ಎಲ್ಲರಿಗಿಂತ ಜಾಸ್ತಿ ಆಗಿಬರದ ಗುಂಪು ಯಾವುದು, ನೀವೇ ಹೇಳಿ. ಆಮೇಲೆ ಆ ಗುಂಪಿನ ಬಗ್ಗೆಯೇ ಪ್ರಶ್ನೆ: ಊರಲ್ಲಿ ಭಾಷಣ ಮಾಡಬಹುದೇ, ಸಭೆ ಸೇರಬಹುದೇ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬಹುದೇ, ಅಧ್ಯಕ್ಷರಾಗಬಹುದೇ, ಗುಂಪನ್ನೇ ನಿಷೇಧಿಸಬೇಕೇ, ಅವರ ಫೋನು ಕದ್ದು ಕೇಳಬೇಕೇ. ಹೀಗೆ ಕೇಳಿದಾಗ ಸಹನೆ ಏರುತ್ತಿದೆ ಎಂಬ ಖುಷಿ ಬಹುಪಾಲು ಕರಗಿಹೋಯಿತು. ಜನ ಬದಲಾಗಿರಲಿಲ್ಲ, ಆಗದವರು ಬದಲಾಗಿದ್ದರು. 2014ರಲ್ಲಿ ಮಾರ್ಕ್ ಬ್ರಾಂಟ್ ಮತ್ತು ಜೊತೆಗಾರರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಎರಡೂ ಕಡೆಯ ಗುಂಪುಗಳನ್ನು ಪಟ್ಟಿಗೆ ಸೇರಿಸಿದರೆ ಲಿಬರಲ್, ಕನ್ಸರ್ವೇಟಿವ್ ಇಬ್ಬರ ಅಸಹನೆಯೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು ಎಂದು ಬರೆದರು.

ಈ ವಿದ್ವಾಂಸರು ಯಾವುದನ್ನು ‘ಸಹನೆ’ ಎಂದು ಕರೆಯುತ್ತಾರೋ ಅದು ನಮ್ಮ ಆಡುಮಾತಿನ ‘ತಾಳಿಕೊಳ್ಳುವುದು’ ಇದೆಯಲ್ಲ, ಅದಕ್ಕೆ ಹತ್ತಿರ. ಇಷ್ಟವಾದವರ ಮಾತು ಕೇಳುವುದಕ್ಕೆ ತಾಳಿಕೊಳ್ಳುವುದು ಏನಿದೆ?

ಅಲ್ಲಿಂದ ಚೀಟಿ ಶುರುವಾಯಿತು. ಮೊದಲ ಸಲ ಕೆಟ್ಟದಾಗಿ ಮಾಡಿದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಿಮಗೆ ಆಗಿಬರದ ಗುಂಪಿನ ಹೆಸರು ಬರೆಯಿರಿ ಅಂದೆ. ಚೀಟಿ ವಾಪಸ್ ತೆಗೆದುಕೊಂಡು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ನಿಯೋ ನಾತ್ಸಿಗಳು. ಬಿಳಿಯರೇ ಮೇಲು ಎನ್ನುವ ಕ್ಲಾನ್‌ನವರು. ಫ್ಯಾಸಿಸಂ ವಿರೋಧಿಸುವ ಎಡಪಂಥದ ಆಂಟಿಫಾ. ಆರನೆಯದೋ ಏಳನೆಯದೋ ಚೀಟಿಯಲ್ಲಿ ಒಂದು ಧರ್ಮದ ಹೆಸರಿತ್ತು. ಗುಂಪಲ್ಲ, ಪಕ್ಷವಲ್ಲ, ಇಡೀ ಧರ್ಮ. ಆ ಧರ್ಮದ ಹುಡುಗಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ನಾನು ಓದಿ ಮುಗಿಸಿದ ಮೇಲೆ ಅದು ಹೊಳೆಯಿತು. ಅವಳು ಏನೂ ಹೇಳಲಿಲ್ಲ. ಎರಡು ವಾರ ಬಂದಳು, ಆಮೇಲೆ ಕೋರ್ಸು ಬಿಟ್ಟಳು. ಕ್ಷಮೆ ಕೇಳಿ ಈಮೇಲ್ ಬರೆದೆ. ‘ಪರವಾಗಿಲ್ಲ ಪ್ರೊಫೆಸರ್, ಯಾರೋ ಹಾಗೆ ಅಂದುಕೊಳ್ಳುತ್ತಾರೆ ಅಂತ ನನಗೆ ಗೊತ್ತಿತ್ತು. ಅವರು ನನ್ನ ಕ್ಲಾಸಿನಲ್ಲೇ ಇದ್ದಾರೆ ಅಂತ ಗೊತ್ತಿರಲಿಲ್ಲ’ ಎಂದು ಉತ್ತರ ಬಂತು. ಆ ಈಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ.

ಆಮೇಲೆ ವಿಧಾನ ಬದಲಿಸಿದೆ. ಈಗ ಚೀಟಿ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಬರೆದು, ಮಡಿಚಿ, ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಡಬ್ಬಿ ಕುಲುಕಿ ಮತ್ತೆ ಹಂಚುತ್ತೇನೆ. ಕೈಯಲ್ಲಿರುವ ಚೀಟಿಯಲ್ಲಿ ಯಾರ ಹೆಸರಿದೆ ಗೊತ್ತಿಲ್ಲ, ಬಿಚ್ಚುವಂತೆಯೂ ಇಲ್ಲ. ಮೊದಲು ಒಂದು ನಿಯಮ ಬರೆಯಬೇಕು: ಈ ಗುಂಪಿಗೆ ನಮ್ಮೂರಲ್ಲಿ ಏನು ಮಾಡಲು ಬಿಡಬೇಕು, ಏನು ಬಿಡಬಾರದು. ಬರೆದು ಸಹಿ ಹಾಕಿದ ಮೇಲೆ ಚೀಟಿ ಬಿಚ್ಚಿ ಮನಸ್ಸಿನಲ್ಲೇ ಓದಿಕೊಳ್ಳಬೇಕು. ನಿಯಮ ಬದಲಿಸಬೇಕು ಅನ್ನಿಸಿದವರು ಕೈ ಎತ್ತಬೇಕು. ಯಾಕೆ ಅಂತ ಹೇಳಬೇಕಿಲ್ಲ. ಕೈ ಎರಡೂ ಕಡೆಯಿಂದ ಏಳುತ್ತದೆ. ಕೆಲವರದು ಬೇಗ, ಕೆಲವರದು ತಡವಾಗಿ, ಅಕ್ಕಪಕ್ಕ ನೋಡಿಕೊಂಡು.

ಇದಾದ ಮೇಲೆ ಸ್ಕೋಕಿ ಎಂಬ ಊರಿನ ಕಥೆ ಹೇಳುತ್ತೇನೆ. ನಮ್ಮ ಕಾಲೇಜಿನಿಂದ ಕಾರಿನಲ್ಲಿ ಅರ್ಧ ಗಂಟೆ. 1977ರಲ್ಲಿ ಅಲ್ಲಿನ ಸುಮಾರು 70,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ಹಿಟ್ಲರನ ಕ್ಯಾಂಪುಗಳಿಂದ ಬದುಕಿ ಬಂದವರೇ ಸಾವಿರಾರು ಮಂದಿ. ಅಂಥ ಊರಿನಲ್ಲಿ ಸ್ವಸ್ತಿಕ ಹಾಕಿಕೊಂಡು ಮೆರವಣಿಗೆ ಮಾಡುತ್ತೇವೆ ಎಂದು ಶಿಕಾಗೋದ ಒಂದು ಚಿಕ್ಕ ನಾತ್ಸಿ ಗುಂಪು ಹೊರಟಿತು. ಊರಿನವರು ತಡೆಯಲು ಕಾನೂನು ಮಾಡಿದರು. ಮೂರೂವರೆ ಲಕ್ಷ ಡಾಲರ್ ವಿಮೆ ಕಟ್ಟಬೇಕು, ಸೈನ್ಯದಂಥ ಸಮವಸ್ತ್ರ ಹಾಕಬಾರದು, ದ್ವೇಷದ ಕರಪತ್ರ ಹಂಚಬಾರದು. ನಾತ್ಸಿಗಳ ಪರವಾಗಿ ನಿಂತದ್ದು ಎ.ಸಿ.ಎಲ್.ಯು., ಲಿಬರಲ್ಲರ ನೆಚ್ಚಿನ ನಾಗರಿಕ ಹಕ್ಕುಗಳ ಸಂಸ್ಥೆ. ವಾದ ಮಾಡಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಸಂಸ್ಥೆಯ ಮುಖ್ಯಸ್ಥ ಆರ್ಯೆ ನಾಯರ್ ಮಗುವಾಗಿದ್ದಾಗ ಮನೆಯವರ ಜೊತೆ ನಾತ್ಸಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಸಾವಿರಾರು ಸದಸ್ಯರು ಸಿಟ್ಟಾಗಿ ಸಂಸ್ಥೆ ಬಿಟ್ಟರು. ಕೋರ್ಟುಗಳು ಊರಿನ ಕಾನೂನುಗಳನ್ನು ಹೊಡೆದುಹಾಕಿದವು. ಇಷ್ಟೆಲ್ಲ ಆಗಿ ನಾತ್ಸಿಗಳು ಸ್ಕೋಕಿಗೆ ಬರಲೇ ಇಲ್ಲ. 1978ರಲ್ಲಿ ಶಿಕಾಗೋದಲ್ಲೇ ಸಭೆ ಮಾಡಿ ಮುಗಿಸಿದರು.

ಮೊದಲ ಸಲ ಈ ಕಥೆ ಓದಿದಾಗ ನನಗೆ ಅನ್ನಿಸಿದ್ದು, ಇದೇನು ಹುಚ್ಚು, 144 ಹಾಕಿದ್ದರೆ ಮುಗೀತಿತ್ತಲ್ಲ ಅಂತ. ನಾನು ಬೆಳೆದದ್ದೇ ಹಾಗೆ. ಗಲಾಟೆ ಆಗಬಹುದು ಅಂದರೆ ಸಭೆ ಬೇಡ, ಅಲ್ಲಿಗೆ ಆಯಿತು. ಇದನ್ನು ಕ್ಲಾಸಿನಲ್ಲೂ ಹೇಳುತ್ತೇನೆ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರದು, ಮಾತಿಗೆ ಅಡ್ಡ ಬರುವ ಕಾನೂನು ಮಾಡಬೇಡಿ ಎಂದು ಸಂಸತ್ತಿನ ಕೈ ಕಟ್ಟಿತು. ನಮ್ಮ ಮೊದಲ ತಿದ್ದುಪಡಿ 1951ರದು, ಮಾತಿನ ಮೇಲೆ ಸರ್ಕಾರ ಹಾಕಬಹುದಾದ ನಿರ್ಬಂಧಗಳನ್ನು ಹಿಗ್ಗಿಸಿತು. ಅದಕ್ಕೆ ಒಂದು ಕಾರಣ 1950ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪುಗಳು. ಒಂದು, ಮದ್ರಾಸ್ ಸರ್ಕಾರ ತಡೆದಿದ್ದ ರೊಮೇಶ್ ಥಾಪರ್ ಅವರ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ನದು. ಇನ್ನೊಂದು, ಅಚ್ಚಿಗೆ ಮೊದಲೇ ತೋರಿಸಿ ಎಂದು ದೆಹಲಿ ಆಡಳಿತ ಆಜ್ಞೆ ಮಾಡಿದ್ದ, ಆರ್.ಎಸ್.ಎಸ್. ಕಡೆಯ ಪತ್ರಿಕೆ ‘ಆರ್ಗನೈಸರ್’ನದು. ಎಡದವರು, ಬಲದವರು ಇಬ್ಬರೂ ಗೆದ್ದರು. ಮರುವರ್ಷ ತಿದ್ದುಪಡಿ ಬಂತು. ‘ಇಬ್ಬರೂ ಒಟ್ಟಿಗೆ ಗೆದ್ದು ಒಟ್ಟಿಗೆ ಸೋತರಾ?’ ಎಂದು ಒಬ್ಬ ಹುಡುಗ ಕೇಳಿದ. ಹೆಚ್ಚುಕಡಿಮೆ ಹೌದಪ್ಪ ಅಂದೆ.

ಇನ್ನೊಂದು ಆಟವೂ ಇದೆ. 1984ರಲ್ಲಿ ಡಲ್ಲಾಸ್‌ನಲ್ಲಿ ರಿಪಬ್ಲಿಕನ್ ಸಮಾವೇಶ ನಡೆಯುತ್ತಿದ್ದಾಗ ಸಿಟಿ ಹಾಲ್ ಮುಂದೆ ಗ್ರೆಗರಿ ಲೀ ಜಾನ್ಸನ್ ಎಂಬಾತ ರಾಷ್ಟ್ರಧ್ವಜ ಸುಟ್ಟ. 1989ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಅವನನ್ನು ಶಿಕ್ಷಿಸುವಂತಿಲ್ಲ ಎಂದಿತು. ಯಾವ ಜಡ್ಜ್ ಯಾವ ಕಡೆ, ಊಹಿಸಿ ಎನ್ನುತ್ತೇನೆ. ಪ್ರತಿ ಸಲ ತಪ್ಪುತ್ತಾರೆ. ಕನ್ಸರ್ವೇಟಿವರ ಕಣ್ಮಣಿ ಆಂಟನಿನ್ ಸ್ಕಾಲಿಯಾ ಧ್ವಜ ಸುಟ್ಟವನ ಪರ. ಲಿಬರಲ್ಲರು ತಮ್ಮವರೆಂದು ಎಣಿಸುವ ಜಾನ್ ಪಾಲ್ ಸ್ಟೀವನ್ಸ್, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು, ಅವನ ವಿರುದ್ಧ. ತಾನು ರಾಜನಾಗಿದ್ದರೆ ಧ್ವಜ ಸುಡುವವರನ್ನೆಲ್ಲ ಜೈಲಿಗೆ ಹಾಕುತ್ತಿದ್ದೆ, ಏನು ಮಾಡಲಿ, ನಾನು ರಾಜನಲ್ಲವಲ್ಲ ಎಂದು ಸ್ಕಾಲಿಯಾ ಆಮೇಲೆ ಹೇಳಿಕೊಂಡು ತಿರುಗುತ್ತಿದ್ದರು. ಲಾರಿ ರಿಪೇರಿಯವರಿಗೆ ಈ ಮಾತು ಬಹಳ ಹಿಡಿಸಿತ್ತು. ತೀರ್ಪು ಮಾತ್ರ ಹಿಡಿಸಲಿಲ್ಲ.

ನನ್ನದೇ ಹುಳುಕು ಕಂಡದ್ದು 2022ರಲ್ಲಿ, ಬೇರೆ ದಾರಿಯಿಂದ. ಆ ಜೂನ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನ ಶಾಲಾ ಫುಟ್‌ಬಾಲ್ ಕೋಚ್ ಒಬ್ಬರ ಕೇಸು ತೀರ್ಮಾನವಾಗಿತ್ತು. ಆಟ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದವರು. ಸುಪ್ರೀಂ ಕೋರ್ಟ್ 6–3ರಲ್ಲಿ ಅವರ ಪರ ನಿಂತಿತು. ಸೆಮಿಸ್ಟರಿನಲ್ಲಿ ಇದರ ಮೇಲೆ ಪ್ರಬಂಧ ಬರೆಸಿದೆ. ಅಂಕ ಹಾಕಿ ಮುಗಿಸಿ, ಹಂಚುವ ಮೊದಲು ಸುಮ್ನೆ ಒಮ್ಮೆ ತಿರುವಿ ಹಾಕಿದೆ. ಕೋಚ್ ಪರ ಬರೆದವರ ಅಂಚಿನಲ್ಲೆಲ್ಲ ‘ಆಧಾರ ಏನು?’, ‘ಆಧಾರ?’ ಎಂದು ನನ್ನ ಕೆಂಪು ಅಕ್ಷರ. ವಿರುದ್ಧ ಬರೆದವರಲ್ಲೂ ಆಧಾರ ಇರಲಿಲ್ಲ. ಅಲ್ಲಿ ನಾನು ಏನೂ ಕೇಳಿರಲಿಲ್ಲ. ಎರಡು ರಾತ್ರಿ ಕೂತು ಎಲ್ಲ ಮತ್ತೆ ತಿದ್ದಿದೆ. ಈಗ ಮಕ್ಕಳು ಹೆಸರು ಬರೆಯುವುದಿಲ್ಲ, ನಂಬರ್ ಹಾಕುತ್ತಾರೆ. ಜೊತೆಗೆ ತಾವು ಒಪ್ಪದ ಕಡೆಯ ವಾದವನ್ನೇ ಬರೆಯಬೇಕು. ಯಾರು ಯಾವ ಕಡೆ ಎಂದು ನನಗೂ ಗೊತ್ತಾಗದಿದ್ದರೆ ಒಳ್ಳೆಯದು.

ಈ ಚೀಟಿಯ ವಿಷಯ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಅಲ್ಲಪ್ಪಾ, ಹುಡುಗರ ಕೈಲೆಲ್ಲ ಬರೆಸ್ತೀಯಲ್ಲ, ನೀನು ಬರೀತೀಯೋ ಇಲ್ವೋ?’ ಬರೆಯುತ್ತಿರಲಿಲ್ಲ. ಕಳೆದ ಸೆಮಿಸ್ಟರಿನಿಂದ ಬರೆಯಲು ಶುರು ಮಾಡಿದೆ. ಡಬ್ಬಿಗೆ ನನ್ನ ಚೀಟಿಯೂ ಬಿತ್ತು. ಕುಲುಕಿ ಹಂಚಿ, ಕೊನೆಯಲ್ಲಿ ಉಳಿದದ್ದನ್ನು ನಾನು ಇಟ್ಟುಕೊಂಡೆ. ಎಲ್ಲರ ಹಾಗೆ ನಿಯಮವನ್ನೂ ಬರೆದೆ. ‘ಸಭೆ ಮಾಡಲಿ, ಭಾಷಣ ಮಾಡಲಿ, ಪುಸ್ತಕ ಲೈಬ್ರರಿಯಲ್ಲಿ ಇರಲಿ. ಪಾಠ ಹೇಳುವ ಕೆಲಸ ಮಾತ್ರ ಕೊಡುವುದು ಬೇಡ.’ ಸಹಿ ಹಾಕಿ ಚೀಟಿ ಬಿಚ್ಚಿದೆ.

ನಗು ತಡೆಯಲಾಗಲಿಲ್ಲ. ಏನು, ಏನು ಎಂದು ಎಲ್ಲರೂ ಹಿಡಿದುಕೊಂಡರು. ನನ್ನದೇ ನಿಯಮ ಮುರಿದು ಗಟ್ಟಿಯಾಗಿ ಓದಿದೆ. ಚೀಟಿಯಲ್ಲಿ ‘ಲಿಬರಲ್ ಪ್ರೊಫೆಸರ್‌ಗಳು’ ಎಂದಿತ್ತು. ಆಮೇಲೆ ಅದರ ಪಕ್ಕದಲ್ಲಿ ನಾನು ಸಹಿ ಹಾಕಿದ್ದನ್ನೂ ಓದಬೇಕಾಯಿತು.

ಒಂಬತ್ತು ಹತ್ತಾಗಿತ್ತು. ಕಸ ಗುಡಿಸುವವರು ಬಾಗಿಲಲ್ಲಿ ಬಂದು ನಿಂತಿದ್ದರು. ಹೊರಡುತ್ತಾ ಒಬ್ಬ ಹುಡುಗಿ ಕೇಳಿದಳು, ‘ಹಾಗಾದರೆ ಮುಂದಿನ ವಾರ ಪಾಠ ಯಾರದು, ಪ್ರೊಫೆಸರ್?’