ಉಪ್ಪುಗಾಳಿಯಲ್ಲಿ ಹೊಗೆ ಅಳೆಯುವ ಕೆಲಸ

ಕಡಲ ಬದಿಯ ಹಳ್ಳಿಯಲ್ಲಿ ಗಾಳಿ ಅಳೆಯಲು ಹೊರಟರೆ ಮೊದಲು ಕಾಡುವುದು ಧೂಳಲ್ಲ, ನೀರು. ಕುಂದಾಪುರ ಕಡೆಯ ಊರೊಂದರಲ್ಲಿ ಗಾಳಿಯ ಸಣ್ಣ ಕಣ ಅಳೆಯುವ ಪಿಎಂಎಸ್ 5003 ಸೆನ್ಸರ್ ಕಟ್ಟಿ ನೋಡಿ. ಜುಲೈಯಲ್ಲಿ ಮಳೆ ಹೊಳವಾದ ಮುಂಜಾನೆ, ಎಲ್ಲೂ ಹೊಗೆ ಇಲ್ಲದಿದ್ದರೂ ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ಕಣಗಳ) ಅಂಕಿ ಮೇಲೇರುತ್ತದೆ. ಲೇಸರ್ ಬೆಳಕು ಎಷ್ಟು ಚದುರಿತು ಎಂಬುದಷ್ಟೇ ಸೆನ್ಸರಿಗೆ ಗೊತ್ತು. ಚದುರಿಸಿದ್ದು ಮಸಿಯೋ ನೀರೋ ಗೊತ್ತಿಲ್ಲ. ಉಪ್ಪಿನ ಕಣ ಸುಮಾರು ಶೇ. 75 ತೇವಾಂಶ ದಾಟಿತೆಂದರೆ ನೀರು ಹೀರಿ ಹನಿಯಾಗುತ್ತದೆ. ಹಾಗೆ ಹನಿಯಾದದ್ದು ಶೇ. 45–50ಕ್ಕೆ ಇಳಿಯುವ ತನಕ ಪೂರ್ತಿ ಒಣಗುವುದೂ ಇಲ್ಲ. ಮಳೆಗಾಲದಲ್ಲಿ ಅಷ್ಟು ಒಣ ಗಾಳಿ ನಮ್ಮಲ್ಲಿ ಎಲ್ಲಿಂದ ಬರಬೇಕು?

ಲೆಕ್ಕದಲ್ಲೇ ಸರಿಪಡಿಸಬಹುದು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಬಳಸುವ ಸೂತ್ರ ಹೀಗಿದೆ: ಅಂಕಿ × 0.524, ಅದರಿಂದ ತೇವಾಂಶ × 0.0862 ಕಳೆದು 5.75 ಕೂಡಿಸುವುದು. ಅಂಕಿ 4, ತೇವಾಂಶ 95 ಇರುವ ದಿನ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಇಲ್ಲಿಗೆ ಅದು ಹೊಂದದು.

ಹಾಗಾಗಿ ನಾವು ಗಾಳಿಯನ್ನು ಕಾಯಿಸಿಯೇ ಸೆನ್ಸರಿಗೆ ಬಿಡುತ್ತೇವೆ. 15 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆಗೆ 10 ಓಮ್, 5 ವ್ಯಾಟಿನ ರೆಸಿಸ್ಟರನ್ನು ಬಿಗಿಯಾಗಿ ಕಟ್ಟಿ 5 ವೋಲ್ಟ್ ಕೊಟ್ಟರೆ ಎರಡೂವರೆ ವ್ಯಾಟ್ ಬಿಸಿ ಸಿಗುತ್ತದೆ. ಕೊಳವೆಯ ಒಳತುದಿಯಲ್ಲಿ ಉಷ್ಣತೆ, ತೇವಾಂಶ ಅಳೆಯುವ ಒಂದು ಬಿಎಂಇ 280 ಚಿಪ್, ಪೆಟ್ಟಿಗೆಯ ಹೊರಗೆ ನೆರಳಲ್ಲಿ ಇನ್ನೊಂದು. 28 ಡಿಗ್ರಿಯ, ಶೇ. 90 ತೇವಾಂಶದ ಗಾಳಿ 36 ಡಿಗ್ರಿಗೆ ಏರಿದರೆ ತೇವಾಂಶ 57ಕ್ಕೆ ಇಳಿಯುತ್ತದೆ. ಇದು ಸಾಲದು. 40 ಡಿಗ್ರಿಗೆ ಏರಿದರೆ 46. ಅಂದರೆ ಹೊರಗಿನದಕ್ಕಿಂತ 12 ಡಿಗ್ರಿ ಹೆಚ್ಚು ಬೇಕು. ಅಲ್ಲಿಗೆ ಮುಟ್ಟಿದೊಡನೆ ಹೀಟರ್ ಆಫ್ ಆಗಬೇಕು. ಇನ್ನೂ ಕಾಯಿಸಿದರೆ ಸೌದೆ ಹೊಗೆಯ ಆವಿಯಾಗುವ ಅಂಶವೂ ಹೋಗಿ ಅಂಕಿ ತಗ್ಗುತ್ತದೆ. ಸೆನ್ಸರಿನ ಫ್ಯಾನಿಗೆ ತ್ರಾಣ ಕಡಿಮೆ, ಕೊಳವೆ ಉದ್ದ ಮಾಡಬೇಡಿ. ಚಾರ್ಜರ್ 2 ಆಂಪಿಯರಿನದೇ ಇರಲಿ.

ಸೆನ್ಸರಿಗೆ 5 ವೋಲ್ಟ್ ಬೇಕು, ಆದರೆ ಸಿಗ್ನಲ್ 3.3 ವೋಲ್ಟಿನದು, ಅಂಕಿ ಓದಿಕೊಳ್ಳುವ ಪುಟ್ಟ ವೈಫೈ ಬೋರ್ಡಾದ ಇಎಸ್‌ಪಿ 8266ಕ್ಕೆ ನೇರ ಜೋಡಿಸಬಹುದು, ಮಾಹಿತಿ ಸಾಗುವ ವೇಗ ಸೆಕೆಂಡಿಗೆ 9600 ಬಿಟ್. ಸೆನ್ಸರಿನ ಲೋಹದ ಹೊದಿಕೆ ಗ್ರೌಂಡಿಗೆ ಸೇರಿರುತ್ತದೆ, ಬೇರೆ ಯಾವ ವಯರೂ ಅದಕ್ಕೆ ತಾಗಬಾರದು. ಉಪ್ಪುಗಾಳಿಗೆ ಬೆಸುಗೆಯ ಬುಡ ಹಸಿರುಗಟ್ಟಿ ಸಂಪರ್ಕ ಬಿಟ್ಟುಹೋಗುತ್ತದೆ. ಬೆಸುಗೆಗಳ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿದರೆ ಸಾಕು. ಬಿಎಂಇ ಚಿಪ್ಪಿನ ಮೇಲಿನ ಸೂಜಿಮೊನೆಯಷ್ಟು ತೂತು ಮಾತ್ರ ಮುಚ್ಚಬಾರದು.

ಪೆಟ್ಟಿಗೆಯ ಬಾಯಿ ಕೆಳಮುಖ, ನೆಲದಿಂದ ಮೂರು ಮೀಟರ್ ಎತ್ತರ, ಬಚ್ಚಲೊಲೆಯ ಹೊಗೆಗೂಡಿನಿಂದ ಕನಿಷ್ಠ 10 ಮೀಟರ್ ದೂರ. ಬಾಯಿಗೆ ಬಲೆ ಕಟ್ಟದಿದ್ದರೆ ಕುಂಬಾರ ಹುಳ ಮಣ್ಣು ತಂದು ಮೆತ್ತುತ್ತದೆ. ಅಂಕಿ ಗಂಟೆಗಟ್ಟಲೆ ಅಲುಗದೆ ನಿಂತಿತೆಂದರೆ ಮೊದಲು ಅಲ್ಲಿ ನೋಡಿ.

ಇಷ್ಟಾದ ಮೇಲೆ ಋತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹೊರಗಿನ ಗಾಳಿ ಮಳೆಗಾಲದಲ್ಲಿ ತೊಳೆದಿಟ್ಟಂತೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೆಡುವುದು ಬೆಳಿಗ್ಗೆ. ರಾತ್ರಿ ಮೂಡಣದಿಂದ ನೆಲಗಾಳಿ ಬೀಸುತ್ತದೆ, ತಣ್ಣನೆಯ ಗಾಳಿ ಕೆಳಗೇ ಕೂತಿರುತ್ತದೆ, ಅದೇ ಹೊತ್ತಿಗೆ ಮನೆಮನೆಯ ಬಚ್ಚಲೊಲೆಗೆ ಮಡಲು, ತೆಂಗಿನ ಸಿಪ್ಪೆ ಬೀಳುತ್ತದೆ. ಹೊಗೆ ಮೇಲೇಳದೆ ಗದ್ದೆಯ ಮೇಲೇ ಮಲಗುತ್ತದೆ. ಬಿಸಿಲೇರಿ ಪಡುಗಾಳಿ ತಿರುಗಿದ ಮೇಲೆ ಅಂಕಿ ಸರ್ರನೆ ಇಳಿಯುತ್ತದೆ. ಮಧ್ಯಾಹ್ನ ಮಾತ್ರ ಅಳೆದವರಿಗೆ ಈ ಊರಿನ ಗಾಳಿ ಸದಾ ಚೆನ್ನ! ಹಾಗೆಂದು ಬೆಳಗಿನ ಒಂದು ತಾಸಿನ ಅಂಕಿ ಹಿಡಿದು ಗಾಬರಿಯಾಗುವುದೂ ಸಲ್ಲ. ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ 24 ತಾಸಿನ ಸರಾಸರಿಗೆ.

ಬೇಸಿಗೆಗೆ ತರಗೆಲೆ ಬೆಂಕಿ ಮತ್ತು ಸುಡುಮಣ್ಣಿನ ರಾಶಿ (ಗೊಬ್ಬರಕ್ಕೆಂದು ಕಸಕಡ್ಡಿಗೆ ಮಣ್ಣು ಮುಚ್ಚಿ ಸುಡುವುದು) ಸೇರಿಕೊಳ್ಳುತ್ತವೆ. ಸುಡುಮಣ್ಣು ಉರಿಯದೆ ದಿನವಿಡೀ ಹೊಗೆಯಾಡುವುದರಿಂದ ಅದರ ಪಾಲೇ ದೊಡ್ಡದು. ಮಧ್ಯಾಹ್ನ ಪಡುಗಾಳಿ ಹತ್ತಿದ ಮೇಲೆ ಹಚ್ಚಿದರೆ ಹೊಗೆ ಬೇಗ ಚದುರೀತು, ಆದರೆ ರಾತ್ರಿಗೂ ಆರದಷ್ಟು ದೊಡ್ಡ ರಾಶಿ ಬೇಡ. ಕೆಂಪು ರಸ್ತೆಯ ಧೂಳು ಈ ಸೆನ್ಸರಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ದಪ್ಪ ಕಣದ ಮಟ್ಟಿಗೆ ಅದು ಕುರುಡು. ಪಿಎಂ 10 ಎಂದು ತೋರಿಸುವ ಅಂಕಿಯನ್ನು ನಂಬಬೇಡಿ. ಅದಕ್ಕೆ ಬೇರೆ ಉಪಾಯ: ಗಾಜಿನ ಚೂರಿಗೆ ವ್ಯಾಸಲೀನ್ ತೆಳ್ಳಗೆ ಸವರಿ ಒಂದು ದಿನ ಮಾಡಿನಡಿ ಇಡುವುದು. ಆಮೇಲೆ ಬಲ್ಬಿನ ಬಳಿ ಬೆಚ್ಚಗೆ ಒಣಗಿಸಿ ಭೂತಗನ್ನಡಿ ಹಿಡಿದರೆ ಕೆಂಪು ಮಣ್ಣು ಬೇರೆ, ಚೌಕ ಚೌಕದ ಉಪ್ಪಿನ ಹರಳು ಬೇರೆ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಒಳಗೆ ತನ್ನಿ. ಹಸಿ ಸೌದೆ, ಮುಚ್ಚಿದ ಕಿಟಕಿ, ಸಂಜೆಯ ಸೊಳ್ಳೆಬತ್ತಿ ಮೂರೂ ಸೇರಿ ಮನೆಯೊಳಗಿನ ಅಂಕಿ ಹೊರಗಿನದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಸೌದೆಯನ್ನು ಮೇ ತಿಂಗಳಲ್ಲೇ ಒಳಗೆ ಪೇರಿಸಿ, ಹೊಗೆಗೂಡಿನ ಪೈಪನ್ನು ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಒಯ್ದರೆ ವ್ಯತ್ಯಾಸ ಅದೇ ವಾರ ಕಾಣುತ್ತದೆ.