ಬ್ಯಾಸ್ ಮೀನಿಗೆ ದುಬಾರಿ ಗ್ರಾಫೈಟ್ ಕೋಲು: ಪರೀಕ್ಷಿಸಿ ಕೊಳ್ಳುವ ಬಗೆ

ಅಮೆರಿಕದ ಜಲಾಶಯಗಳಲ್ಲಿ ಲಾರ್ಜ್‌ಮೌತ್ ಬ್ಯಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರಿನ ಮೀನನ್ನು ಹಿಡಿಯಲು ಬಳಸುವ ಕಾಸ್ಟಿಂಗ್ ಕೋಲು (ಎರೆಯನ್ನು ದೂರ ಎಸೆದು ಎಳೆಯುವ ಗಾಳದ ಕೋಲು) 100 ಡಾಲರಿಗೂ ಸಿಗುತ್ತದೆ, 500 ಡಾಲರಿಗೂ ಸಿಗುತ್ತದೆ; ಎರಡರ ಮೇಲೂ ಗ್ರಾಫೈಟ್ (ಇಂಗಾಲದ ನಾರು) ಎಂದೇ ಬರೆದಿರುತ್ತದೆ. ಹೆಚ್ಚಿನ ಹಣಕ್ಕೆ ಸಿಗುವುದು ಮುಖ್ಯವಾಗಿ ಎರಡೇ: ಕಡಿಮೆ ತೂಕ ಮತ್ತು ನೀರಿನ ತಳದಲ್ಲಿ ನಡೆಯುವುದನ್ನು ಅಂಗೈಗೆ ತಿಳಿಸುವ ಸೂಕ್ಷ್ಮತೆ. ಮೀನನ್ನು ಎಳೆದು ತರುವ ಶಕ್ತಿ ಅಗ್ಗದ ಕೋಲಿಗೂ ಇರುತ್ತದೆ. ಆದ್ದರಿಂದ ದುಬಾರಿ ಕೋಲನ್ನು ಅಳೆಯಬೇಕಾದದ್ದು ಅದರ ಸೂಕ್ಷ್ಮತೆಯಿಂದ. ಆ ಸೂಕ್ಷ್ಮತೆ ನಿಮ್ಮದೇ ರೀಲ್ (ದಾರ ಸುತ್ತುವ ರಾಟೆ), ನಿಮ್ಮದೇ ದಾರ, ನಿಮ್ಮದೇ ಎರೆಯೊಂದಿಗೆ ಕೈಗೆ ತಿಳಿಯದಿದ್ದರೆ ಆ ಬೆಲೆ ತೆರಬೇಕಾದ ಕಾರಣವಿಲ್ಲ.

ಮೊದಲು ಕೋಲಿನಿಂದ ಯಾವ ಕೆಲಸ ಆಗಬೇಕೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಟೆಕ್ಸಸ್‌ನಲ್ಲಿ ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಲೇಕ್ ಫೋರ್ಕ್ ಜಲಾಶಯ ದೂರದ್ದೇನಲ್ಲ. ಅಲ್ಲಿ ಮುಳುಗಿದ ಮರಗಳ ನಡುವೆ ಪ್ಲಾಸ್ಟಿಕ್ ಹುಳುವನ್ನು ಟೆಕ್ಸಸ್ ರಿಗ್ ಕಟ್ಟಿ ತಳದಲ್ಲಿ ಎಳೆಯುವವರಿಗೆ 7 ಅಡಿಯಿಂದ 7 ಅಡಿ 3 ಅಂಗುಲ ಉದ್ದದ, ಮೀಡಿಯಂ ಹೆವಿ ಪವರ್ ಮತ್ತು ಫಾಸ್ಟ್ ಆಕ್ಷನ್ ಇರುವ ಕೋಲು ಒಗ್ಗುತ್ತದೆ. ಪವರ್ ಎಂದರೆ ಕೋಲನ್ನು ಬಾಗಿಸಲು ಬೇಕಾಗುವ ಬಲ. ಆಕ್ಷನ್ ಎಂದರೆ ಅದು ತುದಿಯಲ್ಲಷ್ಟೇ ಬಾಗುತ್ತದೆಯೋ ನಡುವಿನವರೆಗೂ ಬಾಗುತ್ತದೆಯೋ ಎಂಬುದು. ಟೆಕ್ಸಸ್ ರಿಗ್‌ನಲ್ಲಿ ಗಾಳದ ಮೊನೆ ಪ್ಲಾಸ್ಟಿಕ್‌ನೊಳಗೆ ಅಡಗಿರುವುದರಿಂದ, ಅದು ಮೊದಲು ಹುಳುವನ್ನು ಸೀಳಿ ಅನಂತರ ಮೀನಿನ ಗಟ್ಟಿ ಬಾಯಿಗೆ ನಾಟಬೇಕು; ಅದಕ್ಕೆ ಬಿಗಿಯಾದ ಬೆನ್ನು ಬೇಕೇ ಬೇಕು. ಇದಕ್ಕೆ ವಿರುದ್ಧವಾಗಿ, ಮೂರು ಕೊಕ್ಕೆಗಳ ಗಾಳವಿರುವ ಕ್ರ್ಯಾಂಕ್‌ಬೈಟ್ (ಮೀನಿನಾಕಾರದ ಗಟ್ಟಿ ಕೃತಕ ಎರೆ) ಎಳೆಯುವವರಿಗೆ ಮೀನು ಕಚ್ಚಿದಾಗ ಸ್ವಲ್ಪ ಸಡಿಲ ಬಿಡುವ, ನಡುವಿನವರೆಗೂ ಬಾಗುವ ಕೋಲು ಒಳ್ಳೆಯದು. ಬಿಗಿಯಾದ ಗ್ರಾಫೈಟ್‌ನಲ್ಲಿ ಗಾಳ ಬಾಯಿಯಿಂದ ಹರಿದುಬರುವ ಸಂಭವ ಹೆಚ್ಚು. ಅಂಥವರು ಗ್ಲಾಸ್ ಫೈಬರ್ ಅಥವಾ ಗ್ಲಾಸ್ ಬೆರೆಸಿದ ಕೋಲನ್ನು ಕೊಂಡು ಹಣ ಉಳಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ದೃಢ ಅಭಿಪ್ರಾಯ.

ಜಾಹೀರಾತುಗಳಲ್ಲಿ ಮಾಡ್ಯುಲಸ್ ಸಂಖ್ಯೆಯನ್ನು ದೊಡ್ಡದಾಗಿ ತೋರಿಸುತ್ತಾರೆ. ಅದು ಇಂಗಾಲದ ನಾರು ಎಷ್ಟು ಬಿಗಿಯಾಗಿದೆ ಎಂಬುದರ ಅಳತೆ. ಸಾಮಾನ್ಯ ದರ್ಜೆಯ ನಾರಿನದು ಸುಮಾರು 33 ದಶಲಕ್ಷ ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್). ಜಪಾನಿನ ತಯಾರಕರು ಇದನ್ನೇ ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 24 ಟನ್ ಎಂದರೆ ಸುಮಾರು 34 ದಶಲಕ್ಷ, 30 ಟನ್ ಎಂದರೆ ಸುಮಾರು 43 ದಶಲಕ್ಷ, 40 ಟನ್ ಎಂದರೆ ಸುಮಾರು 57 ದಶಲಕ್ಷ ಪಿಎಸ್‌ಐ. ನಾರು ಬಿಗಿಯಾದಷ್ಟೂ ಅಷ್ಟೇ ಬಲಕ್ಕೆ ಕಡಿಮೆ ನಾರು ಸಾಕಾಗುವುದರಿಂದ ಕೋಲು ಹಗುರವಾಗುತ್ತದೆ, ಜೊತೆಗೆ ಅದರ ಗೋಡೆ ತೆಳುವಾಗಿ ಪೆಟ್ಟು ತಾಳುವ ಗುಣ ಕುಗ್ಗುತ್ತದೆ. ಐಎಂ6, ಐಎಂ7 ಎಂಬವು ಮೂಲತಃ ಒಂದು ನಾರು ತಯಾರಕ ಕಂಪನಿಯ ಉತ್ಪನ್ನಗಳ ಹೆಸರುಗಳೇ ಹೊರತು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಗುಣಮಟ್ಟದ ದರ್ಜೆಗಳಲ್ಲ. ನಾರುಗಳನ್ನು ಹಿಡಿದಿಡುವ ರಾಳ ಯಾವುದು, ಪದರಗಳನ್ನು ಯಾವ ಕೋನದಲ್ಲಿ ಸುತ್ತಿದ್ದಾರೆ, ಕೊಳವೆಯ ಇಳಿಜಾರು ಹೇಗಿದೆ ಎಂಬವೂ ಅಷ್ಟೇ ಮುಖ್ಯ. ಅವು ಯಾವುವೂ ಆ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಓದಿ ತಿಳಿದುಕೊಳ್ಳಿ, ಆದರೆ ಅದನ್ನೇ ನಂಬಿ ಕೊಳ್ಳಬೇಡಿ.

ಅಂಗಡಿಯಲ್ಲಿ ಕೋಲನ್ನು ಕೈಗೆತ್ತಿಕೊಂಡ ಕೂಡಲೇ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೂ ನೋಡಬೇಕು. ಗೈಡ್‌ಗಳು, ಅಂದರೆ ದಾರ ಹಾದುಹೋಗುವ ಉಂಗುರಗಳು, ಒಂದೇ ಸಾಲಿನಲ್ಲಿರಬೇಕು. ಕಾಸ್ಟಿಂಗ್ ಕೋಲಿನಲ್ಲಿ ರೀಲ್ ಮತ್ತು ಗೈಡ್‌ಗಳು ಮೇಲ್ಭಾಗದಲ್ಲಿರುವುದರಿಂದ ಸಾಲು ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ. ಗೈಡ್‌ಗಳನ್ನು ಕಟ್ಟಿರುವ ನೂಲಿನ ಮೇಲಿನ ಎಪಾಕ್ಸಿಯಲ್ಲಿ ಗುಳ್ಳೆ, ಗಂಟು, ಬಿರುಕು ಇರಬಾರದು. ಉಂಗುರದ ಒಳಮೈಯಲ್ಲಿ ಹತ್ತಿಯ ಕಡ್ಡಿಯನ್ನು ಒಂದು ಸುತ್ತು ಆಡಿಸಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಸೀಳಿದೆ ಎಂದರ್ಥ, ಅದು ದಾರವನ್ನು ಕತ್ತರಿಸುತ್ತದೆ. ಈ ಬೆಲೆಯ ಕೋಲಿನಲ್ಲಿ ಸಿಲಿಕಾನ್ ಕಾರ್ಬೈಡ್ ಅಥವಾ ಅದಕ್ಕೆ ಸಮನಾದ ಗಟ್ಟಿ ಉಂಗುರಗಳನ್ನು ನಿರೀಕ್ಷಿಸುವುದು ನ್ಯಾಯವಾಗಿದೆ, ಏಕೆಂದರೆ ಹೆಣೆದ ದಾರವು ಮೆತ್ತನೆಯ ಉಂಗುರವನ್ನು ಕಾಲಕ್ರಮೇಣ ಸವೆಸುತ್ತದೆ. ಹಿಡಿಯ ಕಾರ್ಕ್‌ನಲ್ಲಿ ಮರದ ಪುಡಿಯಂಥ ತೇಪೆ ಹೆಚ್ಚಾಗಿದ್ದರೆ ಅದು ಅಗ್ಗದ ಕಾರ್ಕ್. ರೀಲ್ ಸೀಟಿನಲ್ಲಿ ನಿಮ್ಮ ರೀಲನ್ನು ಬಿಗಿದು ಅಲುಗಾಡಿಸಿ ನೋಡಿ. ತಿರುಪಿನ ಒರಟು ಏಣುಗಳು ಅಂಗೈಗೆ ಚುಚ್ಚಬಾರದು.

ಅಂಗಡಿಗಳಲ್ಲಿ ಕೋಲಿನ ತುದಿಯನ್ನು ಛಾವಣಿಗೆ ಒತ್ತಿ, ಇಲ್ಲವೇ ತುದಿಯನ್ನೇ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುವ ಅಭ್ಯಾಸ ವ್ಯಾಪಕವಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದರೆ ಇಡೀ ಕೋಲು ಹಂಚಿಕೊಳ್ಳಬೇಕಾದ ಭಾರ ಅತ್ಯಂತ ತೆಳುವಾದ ಕೆಲವೇ ಅಂಗುಲಗಳ ಮೇಲೆ ಬೀಳುತ್ತದೆ, ಮತ್ತು ಆ ಕೋಲು ಮುರಿಯದಿದ್ದರೂ ಒಳಗಿನ ನಾರು ಘಾಸಿಗೊಂಡಿರಬಹುದು. ಸರಿಯಾದ ಕ್ರಮವೆಂದರೆ ರೀಲನ್ನು ಕಟ್ಟಿ, ದಾರವನ್ನು ಎಲ್ಲ ಗೈಡ್‌ಗಳ ಮೂಲಕ ಹಾಯಿಸಿ, ಒಬ್ಬರು ದಾರದ ಕೊನೆ ಹಿಡಿದು ನಿಧಾನವಾಗಿ ಎಳೆಯುವುದು. ಆಗ ದಾರವು ಕೋಲಿನ ಬಾಗನ್ನು ನಯವಾಗಿ ಅನುಸರಿಸಬೇಕು. ಎರಡು ಗೈಡ್‌ಗಳ ನಡುವೆ ದಾರ ಕೋಲಿನ ಮೈಗೆ ತಾಗಿದರೆ ಗೈಡ್‌ಗಳ ಸಂಖ್ಯೆ ಅಥವಾ ಅಂತರ ಸರಿಯಿಲ್ಲ.

ಸಮತೋಲವನ್ನೂ ರೀಲ್ ಕಟ್ಟಿದ ಮೇಲೆಯೇ ನೋಡಬೇಕು. ಈ ವರ್ಗದ 7 ಅಡಿ ಕೋಲು ಸಾಮಾನ್ಯವಾಗಿ 100ರಿಂದ 130 ಗ್ರಾಂ ತೂಗುತ್ತದೆ, ಆದರೆ ಒಟ್ಟು ತೂಕಕ್ಕಿಂತ ತೂಕ ಎಲ್ಲಿದೆ ಎಂಬುದು ಹೆಚ್ಚು ಮುಖ್ಯ. ತುದಿ ಮೇಲೆತ್ತಿ ದಿನವಿಡೀ ಹುಳುವನ್ನೋ ಜಿಗ್ಗನ್ನೋ (ತಲೆಗೆ ಭಾರ ಕೂಡಿಸಿದ ಗಾಳ) ಎಳೆಯುವವರಿಗೆ ತುದಿಭಾರದ ಕೋಲು ಮಣಿಕಟ್ಟಿಗೆ ನೋವು ಕೊಡುತ್ತದೆ. ತುದಿಯನ್ನು ನೀರಿನತ್ತ ಇಳಿಸಿ ಮೇಲ್ಮೈ ಎರೆಗಳನ್ನು ಆಡಿಸುವವರಿಗೆ ಅದು ಅಷ್ಟೇನೂ ತೊಂದರೆಯಲ್ಲ.

ಒಂದು ಕಂಪನಿಯ ಮೀಡಿಯಂ ಹೆವಿ ಮತ್ತೊಂದರ ಹೆವಿಗೆ ಸಮನಾಗಿರಬಹುದು, ಏಕೆಂದರೆ ಇದಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಅಮೆರಿಕದಲ್ಲಿ ವಿಲಿಯಂ ಹ್ಯಾನೆಮನ್ ರೂಪಿಸಿದ ಕಾಮನ್ ಸೆಂಟ್ಸ್ ಎಂಬ ಪದ್ಧತಿಯು ಈ ಗೊಂದಲಕ್ಕೆ ಒಳ್ಳೆಯ ಪರಿಹಾರ. ಕೋಲಿನ ಹಿಡಿಯನ್ನು ಅಡ್ಡಲಾಗಿ ಭದ್ರಪಡಿಸಿ, ತುದಿಗೆ ಚಿಕ್ಕ ಚೀಲ ತೂಗುಹಾಕಿ, ಕೋಲಿನ ಉದ್ದದ ಮೂರನೆಯ ಒಂದು ಭಾಗದಷ್ಟು ತುದಿ ಕೆಳಗಿಳಿಯುವವರೆಗೆ ಅದಕ್ಕೆ ಅಮೆರಿಕದ ಒಂದು ಸೆಂಟ್ ನಾಣ್ಯಗಳನ್ನು ಹಾಕುತ್ತಾರೆ. 1982ರ ನಂತರ ಟಂಕಿಸಿದ ನಾಣ್ಯ 2.5 ಗ್ರಾಂ ತೂಗುತ್ತದೆ. ಬ್ಯಾಸ್ ಕೋಲಿಗೆ ನಾಣ್ಯಗಳು ರಾಶಿಗಟ್ಟಲೆ ಬೇಕಾಗುವುದರಿಂದ, ಚೀಲದಲ್ಲಿ ಅಳೆದು ನೀರು ತುಂಬಿದರೂ ಆಗುತ್ತದೆ: ಒಂದು ಮಿಲಿಲೀಟರ್ ಎಂದರೆ ಒಂದು ಗ್ರಾಂ. 7 ಅಡಿ ಕೋಲಿಗೆ ತುದಿ 28 ಅಂಗುಲ, ಅಂದರೆ ಸುಮಾರು 71 ಸೆಂಟಿಮೀಟರ್ ಇಳಿಯಬೇಕು. ನಿಮ್ಮ ಹಳೆಯ ಕೋಲನ್ನೂ ಹೀಗೆಯೇ ಅಳೆದರೆ ಹೊಸದರ ಬಲ ಎಷ್ಟೆಂಬುದು ಗ್ರಾಂ ಲೆಕ್ಕದಲ್ಲೇ ತಿಳಿಯುತ್ತದೆ.

ನಿಜವಾದ ಪರೀಕ್ಷೆ ನಡೆಯಬೇಕಾದದ್ದು ನೀರಿನ ಬಳಿ. ಕೋಲಿನ ಮೇಲೆ ಕಾಲು ಔನ್ಸ್‌ನಿಂದ ಒಂದು ಔನ್ಸ್ ಎಂದು ಬರೆದಿದ್ದರೆ, 7, 14, 21 ಮತ್ತು 28 ಗ್ರಾಂ ತೂಕದ ಎರೆಗಳನ್ನು ಸರದಿಯಂತೆ ಎಸೆದು ನೋಡಿ. ತೀರ ಹಗುರಾದ ಎರೆಗೆ ಕೋಲು ಬಾಗದೆ ನಿಮ್ಮ ತೋಳೇ ಕೆಲಸ ಮಾಡಬೇಕಾಗುತ್ತದೆ. ತೀರ ಭಾರದ್ದಕ್ಕೆ ತುದಿ ಸೋತು ಹಿಂದುಳಿಯುತ್ತದೆ. ಅವುಗಳ ನಡುವೆ ಎಲ್ಲಿ ಎಸೆತ ಸಲೀಸಾಗಿ ಹೋಗುತ್ತದೆಯೋ ಅದೇ ಕೋಲಿನ ನಿಜವಾದ ವ್ಯಾಪ್ತಿ. ಎಸೆದ ನಂತರ ತುದಿ ಬೇಗನೆ ಸ್ತಬ್ಧವಾಗಬೇಕು, ಬಹಳ ಹೊತ್ತು ಕಂಪಿಸುವ ತುದಿ ದಾರಕ್ಕೆ ಅಡ್ಡಿಯಾಗಿ ದೂರವನ್ನೂ ಗುರಿಯನ್ನೂ ಕೆಡಿಸುತ್ತದೆ.

ಸೂಕ್ಷ್ಮತೆಯನ್ನು ಹೋಲಿಸುವಾಗ ಒಂದು ನಿಯಮವನ್ನು ಮೀರಬಾರದು: ಹಳೆಯ ಕೋಲಿಗೂ ಹೊಸದಕ್ಕೂ ಅದೇ ರೀಲ್, ಅದೇ ದಾರ, ಅದೇ ತೂಕ ಇರಬೇಕು. ಹಿಗ್ಗುವ ನೈಲಾನ್ ದಾರವನ್ನು ಒಂದಕ್ಕೂ ಹಿಗ್ಗದ ಹೆಣೆದ ದಾರವನ್ನು ಇನ್ನೊಂದಕ್ಕೂ ಕಟ್ಟಿದರೆ, ತಿಳಿಯುವುದು ದಾರದ ಗುಣವೇ ಹೊರತು ಕೋಲಿನದಲ್ಲ. ಫ್ಲೋರೋಕಾರ್ಬನ್ ದಾರಕ್ಕೆ ಸುಮಾರು 10 ಗ್ರಾಂನ ಟಂಗ್‌ಸ್ಟನ್ ಗುಂಡನ್ನು ಕಟ್ಟಿ, ತಳ ಹೇಗಿದೆಯೆಂದು ನಿಮಗೆ ಮೊದಲೇ ಗೊತ್ತಿರುವ ಜಾಗದಲ್ಲಿ ನಿಧಾನವಾಗಿ ಎಳೆಯಿರಿ. ಜಲ್ಲಿಕಲ್ಲಿನ ಮೇಲೆ ಗುಂಡು ಹಾಯುವಾಗ ಚಿಕ್ಕ ಚಿಕ್ಕ ಟಕಟಕ ಕೈಗೆ ಬರಬೇಕು. ಕೆಸರಿನಲ್ಲಿ ಅದು ಅಂಟಿದಂತೆ ಭಾರವಾಗಬೇಕು. ಮರದ ಕೊಂಬೆಯನ್ನು ಏರುವಾಗ ಒತ್ತಡ ನಿಧಾನವಾಗಿ ಹೆಚ್ಚಿ, ದಾಟಿದಾಗ ಥಟ್ಟನೆ ಕಳಚಬೇಕು. ಕಣ್ಣು ಮುಚ್ಚಿಕೊಂಡು ಹೇಳಲು ಪ್ರಯತ್ನಿಸಿ, ಅನಂತರ ಹಳೆಯ ಕೋಲಿನಲ್ಲಿ ಅದನ್ನೇ ಮಾಡಿ. ಬ್ಯಾಸ್ ಬಾಯಿ ತೆರೆದು ನೀರಿನ ಸಮೇತ ಎರೆಯನ್ನು ಹೀರಿಕೊಳ್ಳುವುದರಿಂದ, ಅದರ ಕಚ್ಚುವಿಕೆ ಅನೇಕ ಸಲ ಜೋರಾದ ಜಗ್ಗಾಟವಾಗಿ ಬರುವುದಿಲ್ಲ. ಬರಿಯ ಒಂದು ಮೆಲುತಟ್ಟಾಗಿ, ಇಲ್ಲವೇ ಇದ್ದ ಭಾರ ಇಲ್ಲವಾದಂತೆ ಬರುತ್ತದೆ. ಆ ವ್ಯತ್ಯಾಸ ಹೊಸ ಕೋಲಿನಲ್ಲಿ ಮಾತ್ರ ಸ್ಪಷ್ಟವಾಗುವುದಾದರೆ ಬೆಲೆಗೆ ತಕ್ಕ ವಸ್ತು ಸಿಕ್ಕಿದೆ. ಎರಡರಲ್ಲೂ ಒಂದೇ ಆಗಿದ್ದರೆ ಹಿಂತಿರುಗಿಸಲು ಹಿಂಜರಿಯಬೇಡಿ.

ಬಳಕೆಯ ವಿಷಯದಲ್ಲಿ ಗ್ರಾಫೈಟ್ ಕಟ್ಟುನಿಟ್ಟನ್ನು ಬೇಡುತ್ತದೆ. ಮೀನು ದೋಣಿಯ ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ನಿಲ್ಲಿಸಿ ಹಿಂದಕ್ಕೆ ಎಳೆದರೆ ತುದಿಭಾಗ ಮುರಿಯಬಹುದು. ದೊಡ್ಡ ಮೀನನ್ನು ಕೋಲಿನಿಂದಲೇ ಎತ್ತಿ ದೋಣಿಗೆ ಹಾಕುವುದೂ ಅಷ್ಟೇ ಅಪಾಯಕರ. ಭಾರವಾದ ಸೀಸದ ಎರೆ ಕೋಲಿಗೆ ಬಡಿದರೆ, ಗೀರು ಬಿದ್ದ ಗಾಜಿನಂತೆ, ಅಂದು ಏನೂ ಆಗದೆ ಮುಂದೆಂದೋ ಅದೇ ಜಾಗದಲ್ಲಿ ಒಡೆಯಬಹುದು. ಹೀಗಾಗಿ ಬಳಸಿದ ಕೋಲನ್ನು ಕೊಳ್ಳುವವರು ಬೆರಳ ತುದಿಯಿಂದ ಇಡೀ ಮೈಯನ್ನು ತಡವಿ, ಕಚ್ಚುಗಳಿವೆಯೇ ಎಂದು ನೋಡಲೇಬೇಕು. ಇಂಗಾಲದ ನಾರು ವಿದ್ಯುತ್ ವಾಹಕವೆಂಬುದನ್ನೂ ಮರೆಯಬಾರದು: ಗುಡುಗು ಕೇಳಿಸಿದ ಕೂಡಲೇ ಕೋಲನ್ನು ಕೆಳಗಿಟ್ಟು ದಡ ಸೇರಿ, ವಿದ್ಯುತ್ ತಂತಿಗಳ ಕೆಳಗೆ ಎಂದೂ ಎಸೆಯಬೇಡಿ.

ಹಣ ಕೊಡುವ ಮುನ್ನ ವಾರಂಟಿಯ ಪತ್ರವನ್ನು ಪೂರ್ತಿ ಓದಿ. ಜೀವಮಾನದ ವಾರಂಟಿ ಎಂಬುದು ಅನೇಕ ಕಡೆ ತಯಾರಿಕೆಯ ದೋಷಕ್ಕಷ್ಟೇ, ಅದೂ ಮೊದಲ ಖರೀದಿದಾರನಿಗಷ್ಟೇ ಅನ್ವಯಿಸುತ್ತದೆ; ಕಾರಿನ ಬಾಗಿಲಿಗೆ ಸಿಕ್ಕಿ ಮುರಿದ ಕೋಲಿಗೆ ಬದಲಿ ಬೇಕಾದರೆ ಶುಲ್ಕ ಕೊಡಬೇಕಾಗುತ್ತದೆ. ಆ ಶುಲ್ಕ ಎಷ್ಟು, ಸಾಗಣೆಯ ವೆಚ್ಚ ಯಾರದು, ಭಾರತಕ್ಕೆ ಒಯ್ದ ಮೇಲೂ ವಾರಂಟಿ ನಡೆಯುತ್ತದೆಯೇ ಎಂಬುದನ್ನು ಅಂಗಡಿಯವರಿಂದ ಬರೆಸಿಕೊಳ್ಳಿ. ರಸೀದಿಯನ್ನು ಜೋಪಾನವಾಗಿಟ್ಟು, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಕೋಲನ್ನು ಮೇಲೆ ಹೇಳಿದ ಎಲ್ಲ ತೂಕಗಳಲ್ಲೂ ಎಸೆದು, ಎಳೆದು, ಬಾಗಿಸಿ ನೋಡಿ.